ಮೈಕಿನ ಮುಂದೆ ಬಾಯಿ ಮುಕ್ಕಳಿಸುವ ತಾಪತ್ರಯ

ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಾನು ಕೂರುವ ಕೋಣೆ ದೊಡ್ಡದೇನಲ್ಲ. ಒಂದು ಟೇಬಲ್ಲು, ಒಂದು ಕಿಟಕಿ, ಒಂದು ಮೈಕು, ಮೈಕಿನ ಮುಂದೆ ನಾನು. ಬಸ್ಸುಗಳು ಬಂದ ಹೊತ್ತು, ಹೋಗುವ ಹೊತ್ತು ಬರೆಯುವುದು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿನಲ್ಲಿದೆ ಎಂದು ಕೂಗಿ ಹೇಳುವುದು ನನ್ನ ಕೆಲಸ. ಮೊದಲು ಕಂಡಕ್ಟರ್ ಇದ್ದೆ. ಯಲಬುರ್ಗಾ, ಗಂಗಾವತಿ ದಾರಿಯ ಧೂಳು ನುಂಗಿ ನುಂಗಿ ದಮ್ಮು ಗಂಟುಬಿತ್ತು. "ಧೂಳು ಕಡಿಮೆ ಇರುವಲ್ಲಿ ಕೆಲಸ ಕೊಡಬೇಕು" ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿ ನೋಡಿ ಮೇಲಿನವರು ನನ್ನನ್ನು ತಂದು ಬಸ್ ನಿಲ್ದಾಣದ ನಟ್ಟನಡುವೆ ಕೂಡಿಸಿದರು. ನಗಬೇಕೋ ಅಳಬೇಕೋ ತಿಳಿಯದೆ ನಕ್ಕೆ.

ನನ್ನ ಬಳಿ ಎರಡು ಪಂಪು ಇವೆ, ಬಾಯಿಗಿಟ್ಟು ಔಷಧ ಸೇದುವ ಇನ್‌ಹೇಲರುಗಳು. ಒಂದು, ದಮ್ಮು ಎದ್ದಾಗ ಸೇದುವುದು. ಅದನ್ನು ಸೇದಿದ ಮೇಲೆ ಉಸಿರೇನೋ ಸಡಿಲಾಗುತ್ತದೆ, ಆದರೆ ಸ್ವಲ್ಪ ಹೊತ್ತು ಎದೆ ಹಲಗೆ ಬಡಿದಂತೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದಕ್ಕೆ ನಾನು ಹೊಂದಿಕೊಂಡಿದ್ದೇನೆ. ಮಣಿಕಟ್ಟನ್ನು ಟೇಬಲ್ಲಿನ ಅಂಚಿಗೆ ಒತ್ತಿ ಹಿಡಿದು, ಅಂಕಿಗಳನ್ನು ದಪ್ಪಗೆ ಬರೆದರೆ ನಡೆಯುತ್ತದೆ. ಒಮ್ಮೆ ಕಂಡಕ್ಟರೊಬ್ಬ ಹಾಳೆ ಎತ್ತಿ ಹಿಡಿದು, "ಅಕ್ಕಾರ, ನೀವು ಬರದ ಈ ಒಂಬತ್ತು ನೋಡಿದ್ರ, ಇದೂ ನಮ್ಮ ಗಾಡ್ಯಾಗ ಕುಂತು ತೆಗ್ಗು ದಿನ್ನಿ ಹತ್ತಿ ಇಳದು ಬಂದಂಗ ಕಾಣತೈತ್ರಿ" ಅಂದಿದ್ದ.

ಇನ್ನೊಂದು ಪಂಪು ಬೆಳಿಗ್ಗೆ ಸಂಜೆ ತಪ್ಪದೆ ಸೇದುವುದು. ಸೇದಿದ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಿ ಹುಣ್ಣಾಗುತ್ತದೆ, ದನಿ ಕೂರುತ್ತದೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ನನ್ನ ಫಜೀತಿ ಶುರುವಾದದ್ದು ಇಲ್ಲಿಯೇ.

ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ಬಡಿದು, ನೀರು ತುಂಬಿಸಿ, ಬುತ್ತಿ ಕಟ್ಟಿಕೊಂಡು ಓಡುವುದರಲ್ಲಿ ಪಂಪಿನ ನೆನಪೇ ಆಗುತ್ತಿರಲಿಲ್ಲ. ಅದಕ್ಕೆ ಅದನ್ನು ಟೇಬಲ್ಲಿನ ಖಾನೆಯಲ್ಲೇ ಇಟ್ಟುಕೊಂಡೆ. ನಲ್ಲಿ ಇರುವುದು ನಿಲ್ದಾಣದ ಆ ತುದಿಗೆ. ಮೈಕು ಬಿಟ್ಟು ಏಳುವಂತಿಲ್ಲ. ಕಿಟಕಿಯ ಕೆಳಗೆ ಒಂದು ಗಟಾರವಿದೆ, ಒಂದು ದಿನ ಅಲ್ಲಿಗೇ ಮುಕ್ಕಳಿಸಿ ಉಗುಳಿದೆ. ತಲೆ ಎತ್ತಿದರೆ ಎದುರಿಗೆ ಗುಟಕಾ ತಿನ್ನುವ ಮನುಷ್ಯ. ಹಿಂದಿನ ದಿನವಷ್ಟೇ, "ಕಂಬಕ್ಕೆ ಉಗುಳುತ್ತಿರುವ ನೀಲಿ ಅಂಗಿಯವರೇ, ಇದು ನಿಮ್ಮ ಮನೆಯ ಗೋಡೆಯಲ್ಲ" ಎಂದು ಮೈಕಿನಲ್ಲಿ ಅವನ ಮಾನ ತೆಗೆದಿದ್ದೆ. ಅಂಗಿ ಇವತ್ತೂ ಅದೇ.

"ಭೇಷ್, ಅಕ್ಕಾರ!" ಅಂದ. "ನಿನ್ನೆ ಊರ ಮುಂದ ನನ್ನ ಮರ್ಯಾದಿ ತಗದ್ರಿ. ಇವತ್ತ ಮೈಕ್ ನನ್ನ ಕೈಯಾಗ ಕೊಡ್ರಿ, ನಿಮ್ಮದೂ ಒಂಚೂರು ಹೇಳತೀನಿ."

"ಅದು ಔಷಧದ್ದಪಾ" ಅಂದೆ.

"ನಂದೂ ಔಷಧಾನ ರಿ. ಇಲ್ಲಂದ್ರ ಕೈಕಾಲು ಆಡಂಗಿಲ್ಲ."

ಅವತ್ತೇ ಕೊನೆ. ದಿನಕ್ಕೆ ಹತ್ತು ಸಲ "ನಿಲ್ದಾಣದಲ್ಲಿ ಉಗುಳಬಾರದು" ಎಂದು ಕೂಗುವ ಬಾಯಿಯಿಂದ ಮತ್ತೆ ಉಗುಳಲಾಗಲಿಲ್ಲ. ಪಂಪು ಸೇದಿ, ಒಂದು ಗುಟುಕು ನೀರು ಬಾಯಲ್ಲಿ ಆಡಿಸಿ, ನುಂಗಿಬಿಡುತ್ತಿದ್ದೆ. ಹೊರಗೆ ಹೋದರೇನು, ಒಳಗೆ ಹೋದರೇನು, ಬಾಯಿ ತೊಳೆದಂತಾಯಿತಲ್ಲ ಎಂಬುದು ನನ್ನ ಲೆಕ್ಕ. ಎಷ್ಟೋ ದಿನ ಅದೂ ಮರೆಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ನಾಲಿಗೆ ಮೇಲೆ ಬಿಳಿ ಬಿಳಿ ಕಲೆ ಬಿದ್ದವು, ಖಾರ ಮುಟ್ಟಿದರೆ ಉರಿ. ದನಿ ಒಡೆಯತೊಡಗಿತು. ಹುಣ್ಣಿಮೆ ಕಳೆದ ಮೇಲೆ ಡಾಕ್ಟರಿಗೆ ತೋರಿಸಿದರಾಯಿತು ಎಂದು ಮುಂದೆ ಹಾಕಿದೆ.

ಹುಣ್ಣಿಮೆ ಎಂದರೆ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗುವವರ ಗದ್ದಲ, ಹೆಚ್ಚಿನ ಗಾಡಿಗಳು. ಅದೇ ದಿನ ಹನುಮಸಾಗರದ ಒಬ್ಬ ಹುಡುಗಿಗೆ ಕೊಪ್ಪಳದಲ್ಲಿ ನೌಕರಿಯ ಕಾಗದಪತ್ರ ತೋರಿಸುವುದಿತ್ತು. ಆಕೆಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಕಲಿಯಲು ವಾರಕ್ಕೆ ಮೂರು ದಿನ ಇಲ್ಲಿ ಬಸ್ಸು ಬದಲಿಸಿ ಕೊಪ್ಪಳಕ್ಕೆ ಹೋಗಿ ಬರುತ್ತಿದ್ದಳು. ಬಿಳಿ ಕೋಲು ಹಿಡಿದು ಎರಡನೇ ಪ್ಲಾಟ್‌ಫಾರ್ಮಿನ ಕಂಬದ ಹತ್ತಿರ ನಿಂತು ನನ್ನ ಕೂಗಿಗೆ ಕಾಯುವುದು ಅವಳ ರೂಢಿ. ಎರಡು ದಿನ ಮೊದಲೇ ಕಿಟಕಿಗೆ ಬಂದು ಹೇಳಿ ಹೋಗಿದ್ದಳು: "ಅಕ್ಕಾರ, ಹನ್ನೊಂದಕ್ಕ ಅಲ್ಲಿರಬೇಕ್ರಿ. ತಪ್ಪಿದ್ರ ನೌಕರಿ ನನ್ನ ಹಿಂದಿನವರಿಗೆ ಹೋಗತೈತಂತ. ನೀವು ಹೇಳಿದ ಗಾಡಿಗೆ ಹತ್ತತೀನಿ."

ಅವತ್ತು ಬೆಳಿಗ್ಗೆ ಎದ್ದಾಗಲೇ ದನಿ ಅರ್ಧ ಇಲ್ಲ. "ಇವತ್ತ ಮನ್ಯಾಗ ಭಾಳ ಶಾಂತ ಐತಿ" ಎಂದರು ನಮ್ಮ ಮನೆಯವರು. ಉಳಿದರ್ಧ ಎಂಟೂವರೆಗೆ ಮುಗಿಯಿತು. ಧೂಳಿಗೆ ದಮ್ಮು ಎದ್ದು ಎರಡು ಸಲ ಪಂಪು ಸೇದಿದ್ದೆ, ಕೈ ಬೇರೆ ನಡುಗುತ್ತಿತ್ತು. ಕಿಟಕಿಯಲ್ಲಿ ಕಂಡಕ್ಟರುಗಳ ಹಾಳೆ ಮೇಲೆ ಹಾಳೆ. ಹುಲಿಗಿ ಗಾಡಿಗಳು ಎರಡನೇ ಪ್ಲಾಟ್‌ಫಾರ್ಮ್ ತುಂಬಿದ್ದರಿಂದ ಕೊಪ್ಪಳದ ಬಸ್ಸು ಐದಕ್ಕೆ ಹೋಗಿ ನಿಂತಿತು. ಹುಡುಗಿ ಮಾತ್ರ ಎರಡರ ಕಂಬಕ್ಕೆ ಆತು ನಿಂತಿದ್ದಳು. ಹೊರಡಲು ಐದು ನಿಮಿಷ. ಮುಂದಿನ ಕೊಪ್ಪಳದ ಗಾಡಿ ಬಂದರೆ ಹನ್ನೊಂದು ಮುಟ್ಟುವುದಿಲ್ಲ. ಮೈಕು ಒತ್ತಿ ಬಾಯಿ ತೆಗೆದೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಬರೀ ಗಾಳಿ.

ಕಿಟಕಿಯ ಪಕ್ಕದಲ್ಲೇ ಹುರಿದ ಶೇಂಗಾ ಮಾರುವ ಮುದುಕಿ, ನಮ್ಮೆಲ್ಲರ ಆಯಿ, ಕೂರುತ್ತಾಳೆ. ಹುಡುಗಿಯನ್ನು ತೋರಿಸಿ, ಓಡಿಹೋಗಿ ಕರೆದು ತಾ ಎಂದು ಕೈಸನ್ನೆ ಮಾಡಿದೆ.

"ಈ ಗದ್ದಲದಾಗ ನನ್ನ ಮೊಣಕಾಲು ಅಲ್ಲಿಗೆ ಮುಟ್ಟೂದರಾಗ ಬಸ್ಸು ಹಿಟ್ನಾಳ ದಾಟಿರತೈತಿ" ಅಂದಳು ಆಯಿ. "ಮೈಕ್ ಇತ್ತ ಕೊಡ್ರಿ. ನಲವತ್ತು ವರ್ಷ ಇದಿಲ್ಲದ ಒದರೀನಿ."

ವಯರು ಎಳೆದು ಕಿಟಕಿಗೆ ಕೊಟ್ಟೆ. ಆಯಿ ಸೆರಗು ಸರಿಮಾಡಿಕೊಂಡಳು.

"ಕೇಳ್ರೆಪಾ, ಕೇಳ್ರೆವ್ವಾ! ಕೊಪ್ಪಳದ ಗಾಡಿ ಇವತ್ತ ಎರಡಕ್ಕಿಲ್ಲ, ಐದಕ್ಕ ನಿಂತೈತಿ! ಬಿಸಿ ಬಿಸಿ ಐತಿ, ಗರಿ ಗರಿ ಐತಿ, ಲಗೂ ಬರ್ರಿ, ಮುಗದ ಹೋಗತೈತಿ!"

ಇಡೀ ನಿಲ್ದಾಣ ಗೊಳ್ಳೆಂದಿತು. ಹುಡುಗಿ ಮುಖ ಈ ಕಡೆ ತಿರುಗಿಸಿದಳು, ಆದರೆ ಕಂಬ ಬಿಡಲಿಲ್ಲ. ಆಯಿ ಮತ್ತೊಮ್ಮೆ ಕೂಗಿದಳು. ಊಹೂಂ. ಬಸ್ಸು ಹೊರಡುವ ಹೊತ್ತಾಯಿತು, ನನಗೋ ಗರಿಗರಿ ಬಸ್ಸಿನ ನಗು. ತಡೆಯಲಾರದೆ ನಕ್ಕೆ, ನಗು ಕೆಮ್ಮಾಯಿತು, ಕೆಮ್ಮು ಮೈಕಿಗೆ ಬಿದ್ದು ನಿಲ್ದಾಣಕ್ಕೆಲ್ಲ ಕೇಳಿಸಿತು. ಅಷ್ಟಾಗುತ್ತಲೂ ಹುಡುಗಿ ಕೋಲು ಎತ್ತಿಕೊಂಡು ಹೊರಟೇಬಿಟ್ಟಳು. "ಐದನೇದು ಯಾ ಕಡೆ ರಿ?" ಎಂದು ಕೇಳಿದ್ದು ಕಂಡಿತು. ಜನ ದಾರಿ ಬಿಟ್ಟರು. ಮುಂದೆ ನಿಂತು ದಾರಿ ಮಾಡಿಕೊಡುತ್ತಿದ್ದದ್ದು ಆ ನೀಲಿ ಅಂಗಿ. ಆಕೆ ಹತ್ತಿದಳು, ಬಸ್ಸು ಹೊರಟಿತು. ನಾನು ಮಣಿಕಟ್ಟನ್ನು ಟೇಬಲ್ಲಿಗೆ ಒತ್ತಿ ಹಿಡಿದು ಹೊತ್ತು ಬರೆದೆ.

ಮಧ್ಯಾಹ್ನದ ತನಕ ಆಯಿಯೇ ಕೂಗಿದಳು. ಗಂಗಾವತಿ ಗಾಡಿಗೂ ಉಪ್ಪು ಖಾರ ಹಚ್ಚಿದಳು.

ಸಂಜೆ ಐದರ ಹೊತ್ತಿಗೆ ಹುಡುಗಿ ನೇರ ಕಿಟಕಿಗೆ ಬಂದಳು. "ಕಾಗದ ಎಲ್ಲಾ ಬರೋಬರಿ ಅದಾವಂತ್ರಿ, ಅಕ್ಕಾರ. ಆರ್ಡರ್ ಮನಿಗೆ ಕಳಸ್ತಾರಂತ."

ಆಯಿ ಅವಳ ಕೈಗೆ ಒಂದು ಹಿಡಿ ಶೇಂಗಾ ಸುರಿದು, "ಮುಂಜಾನಿ ನಾ ಅಷ್ಟು ಒದರಿದ್ರೂ ಕಂಬ ಹಿಡದು ನಿಂತಿದ್ದೆಲ್ಲಬೇ!" ಅಂದಳು.

"ಯಾರೋ ಮೈಕ್ ಕಸಗೊಂಡು ಚಾಷ್ಟಿ ಮಾಡಾಕತ್ಯಾರ ಅನಕೊಂಡ್ನಿ, ಆಯಿ. ಬಸ್ಸು ಗರಿ ಗರಿ ಇರತೈತೇನು? ಆಮ್ಯಾಲ ಅಕ್ಕಾರ ಕೆಮ್ಮಿದ್ರು. ದಿನಾ ಕೊಪ್ಪಳ ಅನ್ನೂಕಿಂತ ಮುಂಚೆ ಹಂಗ ಕೆಮ್ಮತಾರಲ್ಲ. ಅವರು ಬಾಜೂಕ ಅದಾರಂದ್ರ ಸುಳ್ಳು ಇರಂಗಿಲ್ಲ ಅಂತ ಹೊಂಟೆ."

ನಾನು ಕಿಟಕಿಯಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡೆ.

ಮರುದಿನ ಡಾಕ್ಟರು ಬೈದು ಬಾಯಿಗೆ ಹನಿ ಔಷಧ ಕೊಟ್ಟರು. ಪಂಪು ಬಿಡಬೇಡಿ, ಮುಕ್ಕಳಿಸಿದ ನೀರು ನುಂಗಬೇಡಿ ಎಂದರು. ಆಯಿ ತನ್ನ ಅತ್ತೆಯ ಕಾಲದ ಹಿತ್ತಾಳೆ ಪೀಕದಾನಿಯನ್ನು ಹುಣಸೆ ಹುಳಿ ಹಚ್ಚಿ ತಿಕ್ಕಿ ತಂದು, "ನಮ್ಮತ್ತಿ ಎಲಿ ಅಡಿಕಿ ಉಗುಳಾಕ ಇಟಗೊಂಡಿದ್ಲು. ಇನ್ನ ನೀವ ವಾಡೇದ ದೇಸಾಯತಿ, ಕುಂತಲ್ಲೇ ಉಗುಳ್ರಿ" ಎಂದು ಟೇಬಲ್ಲಿನ ಕೆಳಗಿಟ್ಟಳು. ಈಗ ಮೇಲೆ "ಉಗುಳಬಾರದು" ಎನ್ನುತ್ತೇನೆ, ಕೆಳಗೆ ಪೀಕದಾನಿಯನ್ನು ಕಾಲಿನಿಂದ ಒಳಕ್ಕೆ ತಳ್ಳುತ್ತೇನೆ.

ದನಿ ಮರಳಿದೆ. ಔಷಧ ಸರಿಯಾಗಿ ಹೋಗುತ್ತಿರುವುದರಿಂದ ಕೆಮ್ಮೂ ಬಹಳ ಕಡಿಮೆ. ಹುಡುಗಿ ಈಗ ದಿನಾ ನೌಕರಿಗೆ ಹೋಗುತ್ತಾಳೆ. ಎರಡರ ಕಂಬದ ಹತ್ತಿರ ಬಿಳಿ ಕೋಲು ಕಂಡಿತೆಂದರೆ, ಕೊಪ್ಪಳ ಅನ್ನುವ ಮೊದಲು ನಾನು ಬೇಕಂತಲೇ ಎರಡು ಸಲ ಕೆಮ್ಮುತ್ತೇನೆ.