ಮಾವ ಅಳೆದ ನೀರು

ನನ್ನ ಸೋದರಮಾವ ಕಳ್ಳನಲ್ಲ, ಲಂಚ ಮುಟ್ಟಿದವನೂ ಅಲ್ಲ. ಜನ ಬಾಯಿಗೆ ಬಂದಂತೆ ಆಡುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅಂತರ್ಜಲ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವನು. ಬೋರ್‌ವೆಲ್‌ಗೆ ಪಂಪು ಇಳಿಸಿ ದಿನವಿಡೀ ನೀರೆತ್ತುವುದು, ಒಳಗಿನ ಮಟ್ಟ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದು ಟೇಪು ಬಿಟ್ಟು ಅಳೆಯುವುದು, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುವುದು, ಇದೇ ಅವನ ಕೆಲಸ. ಗೆರೆ ಇಳಿಯುವ ರೀತಿ ನೋಡಿ ನೆಲದೊಳಗಿನ ನೀರು ಎಷ್ಟು ಮಂದಿಗೆ, ಎಷ್ಟು ಕಾಲ ಬರುತ್ತದೆಂದು ಹೇಳಿಬಿಡುತ್ತಿದ್ದ. "ಹೆಂಡತಿ ಮನಸ್ಸೊಂದು ಬಿಟ್ಟು ಎಲ್ಲದರ ಆಳ ಗೊತ್ತು ಇವನಿಗೆ" ಎಂದು ಅಮ್ಮ ರೇಗಿಸುತ್ತಿದ್ದಳು.

ನಮ್ಮ ಬೀದಿಯವರಿಗೆಲ್ಲ ಹಿತ್ತಲ ಬಾವಿಯೇ ಗತಿ. ಹಿಂದಿನ ಬಯಲಿನಲ್ಲಿ ನಾನೂರು ಮನೆ ಕಟ್ಟುವ ಮಾತು ಬಂದಾಗ, ಅಷ್ಟು ನೀರಿದೆಯೇ ಎಂದು ಪರೀಕ್ಷಿಸಲು ಬಂದವನು ಮಾವನೇ.

ಎತ್ತಿದ ನೀರನ್ನು ದೂರ ಸಾಗಿಸಿ ಬಿಡಬೇಕು. ಇಲ್ಲದಿದ್ದರೆ ಅದೇ ನೀರು ಇಂಗಿ ಬೋರ್‌ವೆಲ್‌ಗೇ ವಾಪಸ್ ಬರುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವನೂ ಅವನೇ. ಅವತ್ತು ಕಚೇರಿ ಕಳಿಸಿದ ಪೈಪು ಮೂವತ್ತು ಮೀಟರೂ ಇರಲಿಲ್ಲ. "ಅಯ್ಯೋ, ಒಂದು ದಿನಕ್ಕೆ ಏನಾಗತ್ತೆ, ನಡಿಯತ್ತೆ ಬಿಡು" ಎಂದು ಪಕ್ಕದ ಮರಳುಗುಂಡಿಗೇ ಹರಿಸಿದ. ಮೂರು ಗಂಟೆ ಇಳಿದ ಮಟ್ಟ ಆಮೇಲೆ ನಿಂತೇಬಿಟ್ಟಿತು. ಅವನ ಮುಖ ಅರಳಿತು. "ಅಕ್ಕಾ, ನಿಮ್ಮ ಕಾಲಡಿ ಸಮುದ್ರಾನೇ ಇದೆ!" ವರದಿ ಹೋಯಿತು, ಎಂಟು ಬೋರ್‌ವೆಲ್ ಕೊರೆದರು, ಮನೆಗಳೆದ್ದವು.

ಮೂರನೇ ವರ್ಷ ನಮ್ಮ ಬಾವಿಯಲ್ಲಿ ಕೆಸರು ಬಂತು. ಆಮೇಲೆ ಅದೂ ಇಲ್ಲ. ಮಾವ ಹಳೆಯ ಹಾಳೆ ತೆಗೆದು ನೋಡಿದ. ಸಮುದ್ರವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ತಾನು ಸುರಿದ ನೀರನ್ನೇ ತಾನು ಅಳೆದಿದ್ದ. ನನಗೆ ಅವನ ಮೇಲೆ ಕೆಂಡದಂಥ ಕೋಪ ಬಂತು. ಈಗಲೂ ಇದೆ.

ತಪ್ಪೊಪ್ಪಿಕೊಂಡು ಬರೆದ ಪತ್ರ ಹಿಡಿದು ಮೇಲಧಿಕಾರಿಯ ಬಳಿ ಹೋದ.

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದ್ರಾ?" ಎಂದರಂತೆ ಅವರು. "ನಾನೂರು ಮನೆಯವರಿಗೆ ಪಂಪು ನಿಲ್ಸಿ ಅಂತ ಯಾರು ಹೇಳ್ಬೇಕು?" ಪತ್ರವನ್ನು ಅವನ ಕೈಗೇ ವಾಪಸ್ ಕೊಟ್ಟರು.

ಆ ಭಾನುವಾರ ಮನೆಗೆ ಬಂದ. ಸುರಿದ ನೀರು ವಾಪಸ್ ಬರುವ ಮುಂಚಿನ ಮೊದಲ ಮೂರು ಗಂಟೆಯ ಅಳತೆ ಮಾತ್ರ ಹಿಡಿದು ಹೊಸದಾಗಿ ಲೆಕ್ಕ ಹಾಕಿದ್ದ. ಬಾಗಿಲಲ್ಲೇ ನಿಂತವನನ್ನು ಅಮ್ಮ ಕೈಹಿಡಿದು ಒಳಗೆ ಕೂರಿಸಿದಳು.

"ಮತ್ತೆ ನೀರು ಬರತ್ತೇನೋ?"

"ಇಲ್ಲ ಅಕ್ಕ. ಎಂಟು ಬೋರಲ್ಲಿ ಆರು ನಿಲ್ಸಿದ್ರೂ ನಮ್ಮ ಕಾಲಕ್ಕಂತೂ ಬರಲ್ಲ."

ಅಮ್ಮ ಅವನ ಕೈಯಲ್ಲಿದ್ದ ಹಾಳೆಯನ್ನೇ ನೋಡಿದಳು. "ಇದರಲ್ಲೂ ಎಲ್ಲಾದ್ರೂ ತಪ್ಪಾಗಿರಬಹುದು, ಇನ್ನೊಂದ್ಸಲ ನೋಡೋ."

"ನಾಲ್ಕು ಸಲ ನೋಡ್ದೆ ಅಕ್ಕ," ಎಂದ ಮಾವ. "ಇದು ಸರಿಯಾಗಿದೆ."