ಸೋತವರಿಗೆ ಮೊದಲ ಸರದಿ

ಅಮೆರಿಕಕ್ಕೆ ಬಂದ ಮೂರನೆಯ ವಾರ, ಮಾರಿಸ್‌ಟೌನಿನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೂತು ಪೇಪರು ಬಿಡಿಸಿದರೆ ಪುಟದ ತುಂಬ ಗಂಡುಹುಡುಗರ ಪಟ್ಟಿ. ಹೆಸರು, ಎತ್ತರ, ತೂಕ, ಓದಿದ ಕಾಲೇಜು. ಒಬ್ಬನ ಮೊಣಕಾಲಿಗೆ ಆಪರೇಷನ್ ಆಗಿದೆ ಎಂದು ಬರೆದಿತ್ತು. ಇನ್ನೊಬ್ಬ ನಲವತ್ತು ಗಜ ಓಡಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದಿತ್ತು. ಕೆಲವರ ಸ್ವಭಾವದ ಬಗ್ಗೆಯೂ ಒಂದೊಂದು ಸಾಲು: ಹೇಳಿದ ಮಾತು ಕೇಳುತ್ತಾನೆ. ಇಂಥ ಪಟ್ಟಿಯನ್ನು ನಾನು ಮೊದಲೇ ನೋಡಿದ್ದೆ, ಅದರಲ್ಲಿ ನಾನೂ ಇದ್ದೆ. ಧಾರವಾಡದಲ್ಲಿ ನನ್ನ ಅಪ್ಪ ನಾಲ್ವರು ಹೆಣ್ಣುಮಕ್ಕಳ ವಿವರವನ್ನು ಹೀಗೆಯೇ ಕಾರ್ಡಿನ ಮೇಲೆ ಬರೆದು ಊರೂರಿಗೆ ಹಾಕುತ್ತಿದ್ದರು. ಎತ್ತರ, ಬಣ್ಣ, ಬಿ.ಎಸ್ಸಿ. ಗಣಿತ, ಹೇಳಿದ ಮಾತು ಕೇಳುತ್ತಾಳೆ. ಈ ದೇಶದಲ್ಲಿ ಗಂಡುಹುಡುಗರನ್ನೂ ಹೀಗೆ ತೂಗಿ ನೋಡುತ್ತಾರಲ್ಲ ಎಂದು ಒಂದು ಕ್ಷಣ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮನೆಯ ಒಡತಿ ಕೆಳಗಿನ ಅಂತಸ್ತಿನಲ್ಲಿದ್ದರು, ನಾವು ಮೇಲೆ ಎರಡು ಕೋಣೆಗಳಲ್ಲಿ. ಅವರ ಅಂಚೆಪೆಟ್ಟಿಗೆಯ ಮೇಲೆ ‘ಮಿಸೆಸ್ ವಾಲ್ಟರ್ ನೋವಾಕ್’ ಎಂದಿತ್ತು. ವಾಲ್ಟರ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನಿಮ್ಮ ಹೆಸರೇನು ಎಂದು ಕೇಳಿದಾಗ ಆಕೆ, “ಐರೀನ್. ಕರೆಯುವವರೆಲ್ಲ ಹೋದರು. ನೀನು ಕರಿ,” ಎಂದರು. ತಾಯಿಯ ವಯಸ್ಸಿನವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಐರೀನ್ ಆಂಟಿ ಎಂದೆ. ಆಕೆ ನಕ್ಕರು, ಅದೇ ಉಳಿಯಿತು.

ಪಟ್ಟಿಯ ಗುಟ್ಟನ್ನು ಹೇಳಿಕೊಟ್ಟವರು ಅವರೇ. ಇಲ್ಲಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಒದೆಯುವುದು ಅಪರೂಪ. ಅವಚಿಕೊಂಡು ಓಡುವುದು, ಓಡುವವನನ್ನು ಕೆಡವುವುದು, ಕೆಡವಲು ಬಂದವರನ್ನು ತಡೆಯುವುದು, ಇದೇ ಆಟ. ಪ್ರತಿ ಚಳಿಗಾಲ ತಂಡಗಳ ಕಡೆಯವರು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಸೇರಿ, ಕಾಲೇಜು ಮುಗಿಸುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಆರಿಸಿದವರ ಊರಿಗೆ ಹುಡುಗ ಹೋಗಬೇಕು, ಇಷ್ಟವೇ ಎಂದು ಅವನನ್ನು ಕೇಳುವವರಿಲ್ಲ. ನನಗೆ ವಿಚಿತ್ರವೆನಿಸಿದ್ದು ಇನ್ನೊಂದು ನಿಯಮ: ಆ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ನಮ್ಮಲ್ಲಿ ಮೊದಲ ಪಂಕ್ತಿ ಯಾವಾಗಲೂ ದೊಡ್ಡವರಿಗೆ, ಬಡಿಸಿ ದಣಿದವರಿಗೆ ತಳದ ಸಾರು. ಸೋತವರನ್ನು ಕರೆದು ‘ಮೊದಲು ನೀವು ಆರಿಸಿಕೊಳ್ಳಿ’ ಎನ್ನುವ ದೇಶದ ಮನಸ್ಸು ಎಷ್ಟು ದೊಡ್ಡದು ಎಂದುಕೊಂಡೆ. ಆ ನಿಯಮ ಹೋಟೆಲಿನ ಬಾಗಿಲು ದಾಟಿ ಹೊರಗೆ ಬರುವುದಿಲ್ಲ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ನಮ್ಮವರು ಒಂದು ಔಷಧ ಕಂಪನಿಯಲ್ಲಿ ಕೆಮಿಸ್ಟು. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಒಡಪು ಹಾಕದೆ ಒಳಗೆ ಬಿಡುವುದಿಲ್ಲ ಎಂದಾಗ. ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವುದಕ್ಕೆ ನಮ್ಮ ಕಡೆ ಒಡಪು ಎನ್ನುತ್ತಾರೆ, ಮೈಸೂರಿನ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ಅದಾದ ಮೇಲೆ ಅವರು ‘ಇವರು’, ‘ನಮ್ಮವರು’, ಅಷ್ಟೇ.

ಆಫೀಸಿನಲ್ಲಿ ಅವರು ಒಂಟಿ. ಸೋಮವಾರ ಬಂದರೆ ಎಲ್ಲರೂ ಭಾನುವಾರದ ಆಟದ ಮಾತು. ಅವರ ಮೇಲಧಿಕಾರಿಗೆ ಆಟದ ಹುಚ್ಚು, ಆಟ ಬಲ್ಲವರೊಡನೆ ಮಾತ್ರ ಅವನ ನಗು, ಹರಟೆ. “ಎಲ್ಲಾರೂ ನಗತಾರ, ನಾನೂ ನಗತೀನಿ. ಯಾಕ ನಗಬೇಕು ಅಂತ ಗೊತ್ತಾಗೂದಿಲ್ಲ,” ಎಂದು ಒಂದು ಸಂಜೆ ನಮ್ಮವರು ಬೂಟು ಬಿಚ್ಚುತ್ತಾ ಹೇಳಿದರು. ಧಾರವಾಡದಲ್ಲಿ ಹತ್ತು ಜನರನ್ನು ನಗಿಸುತ್ತಿದ್ದ ಮನುಷ್ಯ. ನನಗೆ ಬಹಳ ಸಂಕಟವಾಯಿತು. ಈ ಆಟವನ್ನು ಕಲಿತೇ ತೀರುತ್ತೇನೆ ಎಂದು ನಿಶ್ಚಯಿಸಿದ್ದು ಆ ಸಂಕಟದಿಂದ.

ಕಲಿಯಲು ನನಗೆ ಹೊತ್ತಿಗೇನೂ ಕೊರತೆಯಿರಲಿಲ್ಲ. ಜೋಳದ ಹಿಟ್ಟು ಸಿಗದೆ ಮೆಕ್ಕೆಜೋಳದ ಪುಡಿಯಲ್ಲಿ ರೊಟ್ಟಿ ತಟ್ಟಿ, ಅದು ಕೈಯಲ್ಲೇ ಚೂರಾಗುವುದನ್ನು ನೋಡುವುದು ಬೆಳಗಿನ ಕೆಲಸ. ಆಮೇಲೆ ಇಡೀ ದಿನ ಖಾಲಿ. ಕೆಲಸ ಕೇಳಿಕೊಂಡು ಒಂದು ಬ್ಯಾಂಕಿಗೆ ಹೋದೆ. ಗಣಿತದ ಪದವಿಯ ಕಾಗದವನ್ನು ಆ ಮನುಷ್ಯ ತಿರುಗಿಸಿಯೂ ನೋಡಲಿಲ್ಲ. ಇಲ್ಲಿನ ಅನುಭವ ಉಂಟೇ ಎಂದ, ದಿನಾ ಇದನ್ನೇ ಉಟ್ಟು ಬರುತ್ತೀಯಾ ಎಂದು ಸೀರೆ ತೋರಿಸಿ ಕೇಳಿದ. ಹಿಮದಲ್ಲಿ ಸೀರೆಯ ಅಂಚು ತೊಯ್ಯಿಸಿಕೊಂಡು ಮನೆಗೆ ಬಂದೆ. ಐರೀನ್ ಆಂಟಿಯ ಅಡುಗೆಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಆಕೆಗೆ ಜೊತೆ ಬೇಕಿತ್ತು, ನನಗೂ ಬೇಕಿತ್ತು. ಆಕೆ ಆಲೂಗಡ್ಡೆ ಸುಲಿಯುತ್ತಾ ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನು ಜೋಡಿಸಿ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ತೋರಿಸುತ್ತಿದ್ದರು.

ಮುಂದಿನ ಶರತ್ಕಾಲದ ಹೊತ್ತಿಗೆ ಪ್ರತಿ ಸೋಮವಾರ ನಮ್ಮವರಿಗೆ ಚಪಾತಿ-ಪಲ್ಯದ ಡಬ್ಬಿಯ ಜೊತೆಗೆ ಎರಡು ಮಾತನ್ನೂ ಕಟ್ಟಿಕೊಡುತ್ತಿದ್ದೆ. ‘ಎರಡನೆಯ ಅರ್ಧದಲ್ಲಿ ಎಡಗಡೆಯೇ ಯಾಕೆ ಓಡಿದರೋ ತಿಳಿಯದು’ ಎನ್ನಿರಿ, ಇಷ್ಟೇ ಹೇಳಿ ಸುಮ್ಮನಾಗಿರಿ. ಅವರು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಮೇಲಧಿಕಾರಿ ಮೊದಲ ಸಲ ಅವರ ಹೆಗಲ ಮೇಲೆ ಕೈಯಿಟ್ಟ ದಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದರು. ಆಗ ನಾವಿಬ್ಬರೂ ಒಂದೇ ತಂಡ. ಈ ದೇಶದಲ್ಲಿ ನಾನು ಕಂಡ ಅತ್ಯಂತ ಸುಖದ ದಿನಗಳೆಂದರೆ ಅವೇ.

ಆ ಚಳಿಗಾಲ ಊರಿನ ವಾರಪತ್ರಿಕೆ ಒಂದು ಸ್ಪರ್ಧೆ ಇಟ್ಟಿತು. ನಮ್ಮ ಭಾಗದ ಜನ ಹಚ್ಚಿಕೊಂಡಿದ್ದ ನ್ಯೂಯಾರ್ಕಿನ ತಂಡ ಡ್ರಾಫ್ಟಿನಲ್ಲಿ ಮೊದಲು ಆರಿಸುವ ಮೂವರು ಯಾರು? ಎಲ್ಲರಿಗಿಂತ ಹೆಚ್ಚು ಸರಿಯಾಗಿ ಊಹಿಸಿದವರಿಗೆ ಮುಂದಿನ ಆಟದ ಕಾಲದುದ್ದಕ್ಕೂ ಪತ್ರಿಕೆಯಲ್ಲಿ ಒಂದು ಅಂಕಣ. ವಾರಕ್ಕೊಂದು ಅಂಕಣ, ನಾನು ಬರೆಯುವುದು! ಬ್ಯಾಂಕಿನ ಮನುಷ್ಯ ಅದನ್ನು ಓದುವುದನ್ನೂ ಕಣ್ಣಮುಂದೆ ತಂದುಕೊಂಡೆ.

ಊರೆಲ್ಲ ಟೆಕ್ಸಸ್ಸಿನ ಒಬ್ಬ ಓಟಗಾರನ ಹೆಸರು ಹೇಳುತ್ತಿತ್ತು. ತಂಡದ ಕೋಚು ಕೂಡ ಪೇಪರಿನಲ್ಲಿ ಅವನನ್ನೇ ಹೊಗಳಿದ್ದ. ಆದರೆ ನಾನು ಹೆಣ್ಣು ನೋಡಲು ಬಂದವರ ಮುಂದೆ ಏಳು ಸಲ ಅವಲಕ್ಕಿ ತಟ್ಟೆ ಹಿಡಿದು ನಿಂತವಳು. ಬಂದವರು ಬಾಯಲ್ಲಿ ಕೇಳುವುದು ಒಂದು, ಆರಿಸುವುದು ಇನ್ನೊಂದು. ಹಾಡು ಬರುತ್ತದೆಯೇ ಎಂದು ಕೇಳುವ ಅತ್ತೆಯ ಮೊಣಕಾಲು ನೋಯುತ್ತಿದ್ದರೆ, ಹಾಡುವವಳನ್ನು ಬಿಟ್ಟು ಗಟ್ಟಿಮುಟ್ಟಾದವಳನ್ನು ಒಯ್ಯುತ್ತಾಳೆ. ಆದ್ದರಿಂದ ಅವರ ಮಾತು ಕೇಳಬಾರದು, ಅವರ ಮನೆಯಲ್ಲಿ ಯಾವ ಕೈ ಸೋತಿದೆ ಎಂದು ನೋಡಬೇಕು. ತಂಡದ ಎಡಗಡೆ ನಿಂತು ತಡೆಯುತ್ತಿದ್ದ ಹಳೆಯ ಆಟಗಾರನ ಮಂಡಿ ಹೋಗಿತ್ತು. ನಾನು ಓಟಗಾರನನ್ನು ಬಿಟ್ಟು ಅಯೋವಾದ ಒಬ್ಬ ದಢೂತಿ ಹುಡುಗನ ಹೆಸರು ಬರೆದೆ.

ಕೂಪನ್ನಿನ ಕೊನೆಗೆ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಇವರ ಹೆಸರು ಬಂದರೆ ಆಫೀಸಿನಲ್ಲಿ ಇವರಿಗೆ ಎಷ್ಟು ಅನುಕೂಲ ಎನಿಸಿತು. ಹೆಂಗಸಿನ ಹೆಸರು ನೋಡಿ ಕಸದ ಬುಟ್ಟಿಗೆ ಹಾಕಿಯಾರು ಎಂದೂ ಎನಿಸಿತು. ಹಳೆಯ ಅಭ್ಯಾಸಕ್ಕೆ ಯಾರಾದರೂ ಕೇಳಿಸಿಕೊಂಡಾರೇನೋ ಎಂಬಂತೆ ಅತ್ತಿತ್ತ ನೋಡಿ, ಗುರುನಾಥ ಕುಲಕರ್ಣಿ ಎಂದು ಬರೆದೆ. ಒಡಪಿಲ್ಲದೆ ಅವರ ಹೆಸರು ನನ್ನಿಂದ ಹೊರಬಿದ್ದದ್ದು ಅದೇ ಮೊದಲು. ಅಷ್ಟು ದೊಡ್ಡ ತಪ್ಪನ್ನು ನಾನು ಈ ಜನ್ಮದಲ್ಲಿ ಮತ್ತೊಂದು ಮಾಡಿಲ್ಲ.

ಮೂರರಲ್ಲಿ ಎರಡು ಸರಿ ಬಂದವು. ಬೇರೆ ಯಾರಿಗೂ ಒಂದಕ್ಕಿಂತ ಹೆಚ್ಚು ಸರಿ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನ ಪತ್ರಿಕೆಯ ಸಂಪಾದಕ ಕ್ಯಾಮೆರಾ ಹಿಡಿದು ಮನೆಗೇ ಬಂದ. ನಾನು ರೇಷ್ಮೆ ಸೀರೆ ಉಟ್ಟು ಕಾಫಿ ಮಾಡಿದೆ. ಆರಿಸಿದವಳು ಇವಳು ಎಂದು ಇವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಿವಿಯೆಲ್ಲ ಅತ್ತಲೇ.

“ಎಲ್ಲರೂ ಓಟಗಾರನ ಹಿಂದೆ ಬಿದ್ದಿದ್ದರು. ನಿಮಗೆ ಅಯೋವಾದವನು ಹೇಗೆ ಹೊಳೆದ?” ಎಂದು ಸಂಪಾದಕ ಕೇಳಿದ. ನಮ್ಮವರು ನನ್ನ ಮುಖ ನೋಡಿದರು. ನಾನು ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು, “ಎಡಗಡೆಯವನ ಮಂಡಿ ಹೋಗಿದೆ. ದಾರಿ ಬಿಡಿಸುವವನಿಲ್ಲದೆ ಓಟಗಾರ ಬಂದು ಏನು ಮಾಡುತ್ತಾನೆ?” ಎಂದೆ.

ಸಂಪಾದಕ ಬೆರಗಾಗಿ ನನ್ನನ್ನು ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕು ನಮ್ಮವರ ಬೆನ್ನು ತಟ್ಟಿದ. “ಹೆಂಡತಿಗೂ ಚೆನ್ನಾಗಿ ಕಲಿಸಿದ್ದೀರಿ ನೀವು!”

ಪ್ರತಿ ಸೋಮವಾರ ನಾನು ಎರಡು ಮಾತು ಕಟ್ಟಿಕೊಡುತ್ತಿದ್ದೆ. ಅವತ್ತು ಅವರು ನನಗಾಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರೂ ನಕ್ಕರು. ಈ ಸಲ ಯಾಕೆ ನಗಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು ಕಾಫಿ ಕೊಟ್ಟು ಒಳಗೆ ಹೋದೆ.

“ಯಾಕ ಹೇಳ್ಲಿಲ್ಲ ನೀವು?” ಎಂದು ಆತ ಹೋದ ಮೇಲೆ ಕೇಳಿದೆ.

“ಏನಂತ ಹೇಳ್ಲಿ? ನನ್ನ ಹೆಸರು ಬರದಾಕಿ ನೀನ. ಈಗ ಅದು ನಾನಲ್ಲ ಅಂದ್ರ ಆಫೀಸಿನ್ಯಾಗ ಮುಖ ಹ್ಯಾಂಗ ತೋರಸ್ಲಿ?” ಎಂದರು. ಆಮೇಲೆ ದನಿ ತಗ್ಗಿಸಿ, “ಹೆಸರು ಯಾರದಾದ್ರ ಏನು ವಿಮಲಾ, ಮನಿಗೇ ಬಂತಲ್ಲ,” ಎಂದರು.

ಮನೆಗೆ ಬಂತು, ನಿಜ. ಜನ ಮೆಚ್ಚಿದರೆಂದು ಪತ್ರಿಕೆ ಅಂಕಣವನ್ನು ಮುಂದುವರಿಸಿತು, ಮೂರು ವರ್ಷ ನಾನು ಬರೆದೆ, ಅವರು ಒಯ್ದು ಕೊಟ್ಟರು. ಮೂರು ವರ್ಷವೂ ಡ್ರಾಫ್ಟಿನ ನನ್ನ ಪಟ್ಟಿ ಊರಿನ ಎಲ್ಲರಿಗಿಂತ ಮೇಲಾಯಿತು. ಮೇಲಧಿಕಾರಿ ಅವರನ್ನು ಮನೆಗೆ ಊಟಕ್ಕೆ ಕರೆದ. ಅಲ್ಲಿ ಗಂಡಸರು ಆಟದ ಮಾತಿಗೆ ಪಡಸಾಲೆಯಲ್ಲಿ ಕೂತರು, ನನ್ನನ್ನು ಹೆಂಗಸರ ಜೊತೆ ಅಡುಗೆಮನೆಗೆ ಕಳಿಸಿದರು. ನೀವು ಗೋವನ್ನು ಪೂಜಿಸುತ್ತೀರಂತೆ, ಹೌದೇ ಎಂದು ಆತನ ಹೆಂಡತಿ ಕೇಳಿದಳು. ಪಡಸಾಲೆಯಲ್ಲಿ ನಮ್ಮವರು ನನ್ನ ಮಾತುಗಳನ್ನೇ ನನ್ನ ದನಿಯ ಏರಿಳಿತದ ಸಮೇತ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಅದೇ ವರ್ಷ ಅವರಿಗೆ ಬಡ್ತಿಯೂ ಆಯಿತು. ಧಾರವಾಡದಲ್ಲಿದ್ದರೆ ಇಂಥದ್ದಕ್ಕೆ ಅತ್ತೆಯನ್ನೋ ನಾದಿನಿಯನ್ನೋ ಬೈದು ಹಗುರಾಗಬಹುದಿತ್ತು. ಇಲ್ಲಿ ಬೈಯಲು ಇದ್ದವರು ಅವರೊಬ್ಬರೇ, ಪ್ರೀತಿಸಲು ಇದ್ದವರೂ ಅವರೊಬ್ಬರೇ.

“ನಿನ್ನ ಹೆಸರಿನಲ್ಲಿ ಕಳಿಸು,” ಎಂದು ಐರೀನ್ ಆಂಟಿ ವರ್ಷವೂ ಹೇಳುತ್ತಿದ್ದರು. ಆ ಮುಂದಿನ ಚಳಿಗಾಲ ಕಳಿಸಿದೆ. ಪತ್ರಿಕೆಯ ಸ್ಪರ್ಧೆ ಓದುಗರಿಗೆ ಪ್ರತಿ ವರ್ಷ ನಡೆಯುತ್ತಲೇ ಇತ್ತು, ಬಹುಮಾನ ಈಗ ಅಂಕಣವಲ್ಲ, ಮೊದಲ ಪುಟದಲ್ಲಿ ಹೆಸರು. ಅಂಕಣಕ್ಕೆ ಊರೆಲ್ಲ ಹೇಳುವ ಹೆಸರುಗಳನ್ನೇ ಬರೆದುಕೊಟ್ಟೆ, ನಾನು ನಂಬಿದ ಮೂರು ಹೆಸರನ್ನು ಕೂಪನ್ನಿನಲ್ಲಿ ಬರೆದು ಕೆಳಗೆ ದಪ್ಪ ಅಕ್ಷರದಲ್ಲಿ ವಿಮಲಾ ಕುಲಕರ್ಣಿ ಎಂದು ಹಾಕಿದೆ. ಇದು ಮೋಸವೇ. ಆದರೆ ಮೊದಲು ಮೋಸ ಹೋದವಳು ನಾನು.

ಮೂರಕ್ಕೆ ಮೂರೂ ಸರಿ ಬಂದವು. ರೇಡಿಯೋ ಮೂರನೆಯ ಹೆಸರು ಹೇಳಿದಾಗ ಐರೀನ್ ಆಂಟಿ ಆಲೂಗಡ್ಡೆಯ ಬುಟ್ಟಿ ಬೀಳಿಸಿ ನನ್ನನ್ನು ಅಪ್ಪಿಕೊಂಡು ಅತ್ತರು. ಸಂಜೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಇದೇನ ಮಾಡಿದಿ ನೀ? ನಾಳೆ ಎಲ್ಲಾರೂ ಕೇಳ್ತಾರ. ಏನಂತ ಹೇಳ್ಲಿ?”

“ಈ ಸಲ ಆ ಎರಡು ಮಾತು ನೀವ ಹುಡುಕ್ರಿ,” ಎಂದೆ.

ನಾಲ್ಕು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಪತ್ರಿಕೆ ಬಂತು. ಎದ್ದವಳೇ ಓಡಿ ತಂದೆ. ಮೊದಲ ಪುಟದಲ್ಲೇ ಇತ್ತು: ಗುರುವನ್ನೇ ಮೀರಿಸಿದ ಮಡದಿ. ಕೆಳಗೆ, ನಮ್ಮ ಅಂಕಣಕಾರರು ಮನೆಯಲ್ಲೇ ಒಬ್ಬ ಒಳ್ಳೆಯ ಶಿಷ್ಯೆಯನ್ನು ತಯಾರು ಮಾಡಿದ್ದಾರೆ, ವಿಜೇತೆ ಮಿಸೆಸ್ ಗುರುನಾಥ ಕುಲಕರ್ಣಿ. ಎರಡು ಸಲ, ಮೂರು ಸಲ ಓದಿದೆ. ವಿಮಲಾ ಎಲ್ಲಿಯೂ ಇರಲಿಲ್ಲ. ಪತ್ರಿಕೆಗೆ ಫೋನ್ ಮಾಡಿದರೆ ಅಲ್ಲಿದ್ದ ಹುಡುಗಿ ಬಹಳ ಸಮಾಧಾನದಿಂದ, “ಮದುವೆಯಾದವರಿಗೆ ಹಾಗೇ ಹಾಕುವುದು, ಡಿಯರ್. ಅದು ನಮ್ಮ ಪತ್ರಿಕೆಯ ಪದ್ಧತಿ,” ಎಂದಳು. ಊರಿನಲ್ಲಿ ಗಂಡನ ಹೆಸರು ಹೇಳಬಾರದು, ಆದರೆ ನನ್ನ ಹೆಸರು ನನಗಿತ್ತು. ಇಲ್ಲಿ ಗಂಡನ ಹೆಸರನ್ನು ದಿನಕ್ಕೆ ನೂರು ಸಲ ಹೇಳಬಹುದು, ನನ್ನದು ಮಾತ್ರ ಉಳಿಯಲಿಲ್ಲ. ಕೆಳಗಿನ ಅಂಚೆಪೆಟ್ಟಿಗೆ ವರ್ಷಗಟ್ಟಲೆ ಇದನ್ನೇ ಹೇಳುತ್ತಿತ್ತು, ನಾನು ದಿನವೂ ಓದಿಕೊಂಡೇ ಮೆಟ್ಟಿಲು ಹತ್ತುತ್ತಿದ್ದೆ.

ನಮ್ಮವರು ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದರು. ಅವರ ಭುಜ ಸಡಿಲವಾಯಿತು, ಮುಖಕ್ಕೆ ಬಣ್ಣ ಬಂತು. “ಚಿಂತಿ ಇಲ್ಲ ಬಿಡು, ನನ್ನ ಹೆಸರ ಬಂದದ,” ಎಂದು ನಕ್ಕು, ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದರು.

ಕತ್ತರಿಸಿದ ತುಂಡನ್ನು ಅಪ್ಪನಿಗೆ ಕಳಿಸಿದೆ. ಗೆದ್ದವಳು ನಾನೇ ಎಂದು ಪತ್ರದಲ್ಲಿ ಬಿಡಿಸಿ ಬರೆದಿದ್ದೆ. ತಿಂಗಳಾದ ಮೇಲೆ ಉತ್ತರ ಬಂತು. ‘ಅಳಿಯಂದಿರ ಹೆಸರು ಅಮೇರಿಕಾದ ಪೇಪರಿನಲ್ಲಿ ಬಂದದ್ದು ನೋಡಿ ಭಾಳ ಸಂತೋಷಾತು. ಓಣಿಗೆಲ್ಲ ಪೇಡೆ ಹಂಚಿದಿವಿ. ನೀನೂ ಆರಾಮ ಇದ್ದೀ ಅಂತ ತಿಳಿದೀವಿ.’

ಆ ಮೇಲೆ ನಾನು ಯಾವ ಪಟ್ಟಿಯನ್ನೂ ಬರೆಯಲಿಲ್ಲ. ಅಂಕಣ ತಾನಾಗಿ ನಿಂತಿತು, ಅಷ್ಟರಲ್ಲಿ ನಮ್ಮವರಿಗೆ ಅದರ ಅಗತ್ಯವೂ ಮುಗಿದಿತ್ತು. ಈಗ ಸಮರ್‌ಸೆಟ್‌ನಲ್ಲಿ ಸ್ವಂತ ಮನೆ ಇದೆ, ಜೋಳದ ಹಿಟ್ಟು ಊರಿಂದ ಬರುತ್ತದೆ, ರೊಟ್ಟಿ ಮುರಿಯುವುದಿಲ್ಲ. ಐರೀನ್ ಆಂಟಿ ಹೋದ ವರ್ಷ ತೀರಿಕೊಂಡರು. ಇಲ್ಲಿ ಆಟ ಗೊತ್ತಿರುವವರಿಗೆ ನನ್ನ ಹೆಸರು ಗೊತ್ತಿಲ್ಲ, ಅಲ್ಲಿ ಇದನ್ನು ಓದಿ ನನ್ನ ಹೆಸರು ತಿಳಿದ ನಿಮಗೆ ಆಟ ಗೊತ್ತಿಲ್ಲ. ಎರಡೂ ಗೊತ್ತಿದ್ದವರು ಆಕೆಯೊಬ್ಬರೇ.

ಕೊನೆಗೆ, ಈ ಕನ್ನಡ ಪತ್ರಿಕೆಯ ಸಂಪಾದಕರಲ್ಲಿ ಒಂದು ಕೋರಿಕೆ. ಇದನ್ನು ಅಚ್ಚು ಹಾಕುವುದಾದರೆ ಕೆಳಗೆ ಶ್ರೀಮತಿ ಬೇಡ, ಕುಲಕರ್ಣಿ ಬೇಡ, ವಿಮಲಾ ಎಂದಷ್ಟೇ ಇರಲಿ. ಧಾರವಾಡದಲ್ಲಿ ಅಪ್ಪ ನಿಮ್ಮ ಪತ್ರಿಕೆ ತರಿಸುತ್ತಾರೆ, ಕನ್ನಡಕ ಹಾಕಿಕೊಂಡು ಇದನ್ನು ಕೊನೆಯ ಸಾಲಿನವರೆಗೂ ಓದುತ್ತಾರೆ. ಈ ಸಲ ಅವರು ಪೇಡೆ ಹಂಚುವುದಿಲ್ಲ. ಇದನ್ನು ಊಹಿಸಲು ನನಗೆ ಯಾವ ಪಟ್ಟಿಯೂ ಬೇಕಾಗಿಲ್ಲ.