ಅಳುವ ಮೇಷ್ಟ್ರು

ನಾನು ಆಫ್ರಿಕಾಕ್ಕೆ ಹೋದದ್ದು ಸೇವಾಭಾವದಿಂದ ಎಂದು ನಮ್ಮ ನೆಂಟರಲ್ಲಿ ಕೆಲವರು ಇವತ್ತಿಗೂ ನಂಬಿದ್ದಾರೆ. ನಿಜವಾಗಿ ಹೋದದ್ದು ಬಾಯಿ ಬಿಟ್ಟು ಸಿಕ್ಕಿಹಾಕಿಕೊಂಡು.

ತೊಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದ ಹೊಸಮನೆ ಬಡಾವಣೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಮನೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಅಲ್ಲಿ ಕೆಲಸ, ನನಗೆ ದಿನವೂ ಬಸ್ಸಿನಲ್ಲಿ ಓಡಾಟ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಇಂಗ್ಲಿಷ್ ಪೇಪರಿನ ಜಾಹೀರಾತೊಂದನ್ನು ಗಟ್ಟಿಯಾಗಿ ಓದಿದರು. ಪಶ್ಚಿಮ ಆಫ್ರಿಕಾದ ಹಳ್ಳಿ ಶಾಲೆಗಳಲ್ಲಿ ಎರಡು ವರ್ಷ ಸ್ವಯಂಸೇವಕರಾಗಿ ಪಾಠ ಮಾಡಲು ಶಿಕ್ಷಕರು ಬೇಕಾಗಿದ್ದರು. “ಇದೇನು ಮಹಾ, ನಾನು ಹೋಗ್ತೀನಿ” ಎಂದೆ. ಹೊಸದಾಗಿ ಸೇರಿದ್ದ ವಿಜ್ಞಾನದ ಮೇಡಂ ಎದುರಿಗೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು ಎನ್ನುವುದನ್ನು ಬಿಟ್ಟರೆ ಆ ಮಾತಿಗೆ ಬೇರೆ ಕಾರಣವಿರಲಿಲ್ಲ.

ಡ್ರಾಯಿಂಗ್ ಮೇಷ್ಟ್ರು ಬಿಡಲಿಲ್ಲ. ಅರ್ಜಿ ತರಿಸಿದ್ದು ಅವರೇ, ಸಂದರ್ಶನಕ್ಕೆ ಬೆಂಗಳೂರಿನ ಬಸ್ಸು ಹತ್ತಿಸಿದ್ದೂ ಅವರೇ. “ಹೆಂಗೂ ಸೆಲೆಕ್ಟ್ ಆಗಲ್ಲ ಮಾರಾಯ, ಬೆಂಗ್ಳೂರಾದ್ರೂ ನೋಡ್ಕೊಂಡ್ ಬಾ” ಎಂದರು. ಸೆಲೆಕ್ಟ್ ಆದೆ. ಅಷ್ಟು ಹೊತ್ತಿಗೆ ವಿಜ್ಞಾನದ ಮೇಡಂಗೆ ಮದುವೆ ಗೊತ್ತಾಗಿತ್ತು. ಹಿಂದೆ ಸರಿಯೋಣವೆಂದರೆ ಹೆಡ್‌ಮಾಸ್ಟರು ಆಗಲೇ ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿ ಮಕ್ಕಳಿಂದ ಚಪ್ಪಾಳೆ ಹೊಡೆಸಿಬಿಟ್ಟಿದ್ದರು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಸಂಬಳ ಎಷ್ಟು?”

“ಸಂಬಳ ಅಂತೇನಿಲ್ಲ. ಊಟ, ವಸತಿ ನೋಡ್ಕೊಳ್ತಾರೆ.”

“ಸಂಬಳ ಇಲ್ದೆ ಪಾಠ ಮಾಡಕ್ಕೆ ಅಷ್ಟು ದೂರ ಯಾಕೋ ಹೋಗ್ಬೇಕು? ಹೊಸಮನೇಲಿ ಮಾಡ್ತಿರೋದೂ ಅದೇ ತಾನೆ?”

ನಮ್ಮ ಜೊತೆಗಿದ್ದ ಅಜ್ಜಿ, ಅಪ್ಪನ ತಾಯಿ, ಅವಳ ಚಿಂತೆ ಬೇರೆ. “ಅಲ್ಲಿ ಬಿಸ್ಲು ಜಾಸ್ತಿಯಂತೆ. ಮೊದ್ಲೇ ನೀನು ಕಪ್ಪು. ವಾಪಸ್ ಬಂದಾಗ ಗುರ್ತು ಹಿಡಿಯೋದು ಹೆಂಗೆ?” ಎಂದಳು. ಹೊರಡುವ ದಿನ ತನ್ನ ಮಂಡಿ ನೋವಿನ ಮುಲಾಮಿನ ಹೊಸ ಡಬ್ಬಿಯನ್ನು ನನ್ನ ಬ್ಯಾಗಿಗೆ ಹಾಕಿದಳು. ಮಂಡಿ, ತಲೆ, ಹೊಟ್ಟೆ, ಎಲ್ಲದಕ್ಕೂ ಅವಳು ಹಚ್ಚುತ್ತಿದ್ದದ್ದು ಅದನ್ನೇ.

ನನ್ನನ್ನು ಹಾಕಿದ್ದು ಘಾನಾ ದೇಶಕ್ಕೆ, ಕುಮಾಸಿ ನಗರದಿಂದ ಬಸ್ಸಿನಲ್ಲಿ ಅರ್ಧ ದಿನ ದೂರದ ಒಂದು ಊರಿಗೆ. ಸುತ್ತ ಕೋಕೋ ತೋಟಗಳು. ಬಸ್ಸಿಳಿದ ಕೂಡಲೇ ಮಕ್ಕಳು “ಒಬ್ರೋನಿ, ಒಬ್ರೋನಿ” ಎಂದು ಹಿಂದೆ ಬಂದವು. ಹಾಗೆಂದರೆ ಬಿಳಿಯ ಎಂದರ್ಥವೆಂದು ಆಮೇಲೆ ತಿಳಿಯಿತು. ತರೀಕೆರೆಯ ಹೆಣ್ಣಿನ ಕಡೆಯವರು ಹುಡುಗ ಬಣ್ಣ ಕಮ್ಮಿ ಎಂದು ಬಿಟ್ಟುಹೋದ ನನಗೆ ಆ ಊರಿನ ಮೇಲೆ ಅಲ್ಲಿಂದಲೇ ಪ್ರೀತಿ ಹುಟ್ಟಿತು.

ಪ್ರೀತಿಯೊಂದೇ ಸಾಲದಾಯಿತು. ಮೊದಲ ದಿನ ಬೀಜಗಣಿತದ ಪಾಠವನ್ನು ಪೂರ್ತಿ ಮುಗಿಸಿ ಬೆವರು ಒರೆಸಿಕೊಂಡಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ವಿನಯದಿಂದ ಕೇಳಿದಳು: “ಸರ್, ಇಂಗ್ಲಿಷಿನಲ್ಲಿ ಯಾವಾಗ ಶುರು ಮಾಡುತ್ತೀರಿ?” ಅವಳು ಗೇಲಿ ಮಾಡುತ್ತಿರಲಿಲ್ಲ. ನನ್ನ ಭದ್ರಾವತಿ ಇಂಗ್ಲಿಷನ್ನು ಇಡೀ ತರಗತಿ ನಮ್ಮ ದೇಶದ ಯಾವುದೋ ಪ್ರಾರ್ಥನೆ ಎಂದುಕೊಂಡಿತ್ತು. ಹೀಗೇ ಕೆಲವು ವಾರ ಕಳೆಯಿತು. ಅವರು ಹೇಳಿದ್ದು ನನಗೆ ತಿಳಿಯದು, ನಾನು ಹೇಳಿದ್ದು ಅವರಿಗೆ ತಿಳಿಯದು. ಸಂಜೆ ಕೋಣೆಗೆ ಬಂದು ಭದ್ರಾವತಿಯ ಕಡೆ ಎಂದು ನಾನು ಅಂದಾಜು ಮಾಡಿದ್ದ ಗೋಡೆಯನ್ನು ನೋಡುತ್ತ ಕೂರುತ್ತಿದ್ದೆ. ಅದು ಪಶ್ಚಿಮದ ಗೋಡೆಯೆಂದು ಬಹಳ ದಿನ ಗೊತ್ತಾಗಿರಲಿಲ್ಲ.

ನಾನಿದ್ದ ಮನೆಯೊಡತಿ ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸು. ಸಂತೆಬೀದಿಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದಳು. ಊರೆಲ್ಲ ಅವಳನ್ನು ಮಾಮೆ, ಅಂದರೆ ಅಮ್ಮ, ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಗೋಡೆ ನೋಡುವ ನನ್ನ ಕೆಲಸವನ್ನು ಗಮನಿಸಿದ ಮಾಮೆ ಒಂದು ಶನಿವಾರ ಕಪ್ಪು ಬಟ್ಟೆಯೊಂದನ್ನು ನನ್ನ ಮೈಮೇಲೆ ಎಸೆದು, “ನನ್ನ ಚಿಕ್ಕಮ್ಮನ ಕಾರ್ಯ ಇದೆ. ಉಟ್ಟುಕೊಂಡು ಬಾ” ಎಂದಳು.

ಅಲ್ಲಿ ಸಾವಿನ ಕಾರ್ಯವೆಂದರೆ ಇಡೀ ಊರಿನ ಕೆಲಸ. ಬಯಲಿನಲ್ಲಿ ಶಾಮಿಯಾನ, ಸಾಲು ಕುರ್ಚಿ, ಧ್ವನಿವರ್ಧಕ, ಕಪ್ಪು ಕೆಂಪು ಬಟ್ಟೆ ಉಟ್ಟ ನೂರಾರು ಜನ. ಸತ್ತವಳನ್ನು ನಾನು ಕಂಡವನಲ್ಲ. ಆದರೆ ಮುದುಕಿಯೊಬ್ಬಳು ಎದ್ದು ತಾಳವಿಲ್ಲದೆ, ಎಳೆದೆಳೆದು ಹಾಡಲು ತೊಡಗಿದಾಗ ನನಗೆ ಏನಾಯಿತೋ ತಿಳಿಯದು. ಅಮ್ಮನ ಅಡುಗೆಮನೆ, ಹೊಸಮನೆಯ ಬಸ್ ಸ್ಟಾಪು, ಬೀಜಗಣಿತ, ಮದುವೆ ಗೊತ್ತಾದ ಮೇಡಂ, ಎಲ್ಲ ಒಟ್ಟಿಗೆ ನುಗ್ಗಿ ಬಂದು ಗೊಳೋ ಎಂದು ಅತ್ತುಬಿಟ್ಟೆ. ಸಣ್ಣ ಅಳುವಲ್ಲ, ಹಾಡುತ್ತಿದ್ದ ಮುದುಕಿ ನಿಲ್ಲಿಸಿ ನೋಡುವಂಥ ಅಳು. ಸತ್ತವಳ ಮಗ, ತಾನೇ ತಲೆ ನರೆತವನು, ಬಂದು ನನ್ನನ್ನು ತಬ್ಬಿ ಸಮಾಧಾನ ಮಾಡಿದ. ಮಾರನೆಯ ದಿನ ಅವರ ಮನೆಯಿಂದ ನನಗೊಂದು ಬಾಳೆಗೊನೆಯೂ ಜೀವಂತ ಕೋಳಿಯೂ ಬಂದವು.

ಸುದ್ದಿ ಹರಡಿತು. ಎಲ್ಲೋ ದೂರದಿಂದ ಬಂದ ಮೇಷ್ಟ್ರು ನಮ್ಮವಳಿಗಾಗಿ ಹಾಗೆ ಅತ್ತನಂತೆ. ಪ್ರತಿ ಶನಿವಾರ ಯಾರಾದರೂ ಬಂದು ಕರೆಯತೊಡಗಿದರು, ಮೊದಲ ಸಾಲಿನಲ್ಲಿ ಕೂರಿಸತೊಡಗಿದರು. ಶಾಲೆಯಲ್ಲಿ ಯಾವ ಕೆಲಸಕ್ಕೂ ಬಾರದ ನನಗೆ ಊರಿನಲ್ಲಿ ಒಂದು ಉದ್ಯೋಗ ಸಿಕ್ಕಿತಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು. ತೊಂದರೆಯೆಂದರೆ ಕಣ್ಣೀರು ಮುಗಿದುಹೋಗಿತ್ತು. ಎಂಥ ದುಃಖದ ಸಂಗತಿ ನೆನೆದರೂ ಆಕಳಿಕೆ ಬರುತ್ತಿತ್ತು. ಜನ ನನ್ನ ಕಡೆಗೇ ನೋಡುತ್ತಿದ್ದಾರೆ ಎನಿಸುತ್ತಿತ್ತು.

ಅಜ್ಜಿಯ ಮುಲಾಮು ನೆನಪಾದದ್ದು ಆಗಲೇ. ಊರಿನಲ್ಲೇ ಎಲ್ಲರಿಗಿಂತ ಹಿರಿಯನಾದ ರೈತನೊಬ್ಬ ತೀರಿಕೊಂಡಿದ್ದ, ದೊಡ್ಡ ಕಾರ್ಯ. ಮನೆಯಿಂದ ಹೊರಡುವ ಮುಂಚೆ ಎರಡೂ ಕಣ್ಣಿನ ಕೆಳಗೆ ಬೆರಳಿನಿಂದ ಧಾರಾಳವಾಗಿ ಹಚ್ಚಿಕೊಂಡೆ. ಬಯಲು ಮುಟ್ಟುವಷ್ಟರಲ್ಲಿ ಕಣ್ಣು ಧಾರೆಯಾಗಿ ಹರಿಯುತ್ತಿತ್ತು. ಮಸುಕಾಗಿ ಕಂಡದ್ದೆಂದರೆ ಅವತ್ತು ಯಾರೂ ಕೆಂಪು ಉಟ್ಟಿರಲಿಲ್ಲ, ಎಲ್ಲರ ಮೈಮೇಲೂ ಬಿಳಿ ಇತ್ತು. ತೊಂಬತ್ತು ದಾಟಿ ಬಾಳಿ ಮರಿಮಕ್ಕಳನ್ನೂ ಕಂಡು ಹೋದವರಿಗೆ ಅಲ್ಲಿ ಬಿಳಿ ಉಟ್ಟು ಕುಣಿದು ಕಳಿಸಿಕೊಡುತ್ತಾರೆ. ಅಂಥ ದಿನ ಅಳುವುದು ಸರಿಯಲ್ಲ. ಬ್ಯಾಂಡು ಬಾರಿಸುತ್ತಿತ್ತು, ಸತ್ತವನ ಸೊಸೆಯರು ಕುಣಿಯುತ್ತಿದ್ದರು, ಅವರ ನಡುವೆ ಕಪ್ಪು ಬಟ್ಟೆ ಉಟ್ಟ ನಾನೊಬ್ಬ ಬಿಕ್ಕುತ್ತ ನಿಂತಿದ್ದೆ. ಕಣ್ಣು ಒರೆಸಿಕೊಂಡೆ, ಮುಲಾಮು ಕಣ್ಣೊಳಗೇ ಹೋಯಿತು. ಅಯ್ಯಯ್ಯೋ ಎಂದು ಕೂತುಬಿಟ್ಟೆ. ಬ್ಯಾಂಡು ನಿಂತಿತು. ನಾಲ್ಕು ಜನ ನನ್ನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು.

ನರ್ಸಮ್ಮ ನನ್ನ ಮುಖದ ಹತ್ತಿರ ಬಗ್ಗಿ ಮೂಸಿ ನೋಡಿ, “ಇದು ದುಃಖ ಅಲ್ಲ. ಮುಲಾಮು” ಎಂದಳು. ಹೊರಗೆ ಕಾದಿದ್ದವರಿಗೆ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಆ ನಗು ನನಗೆ ಕಣ್ಣು ಮುಚ್ಚಿಕೊಂಡೇ ಕೇಳಿಸಿತು.

ಕಣ್ಣು ತೊಳೆಸಿಕೊಂಡು ಮನೆಗೆ ಬಂದ ಮೇಲೆ ಮಾಮೆ ಎದುರು ಕೂತಳು. “ಅಳುವುದಕ್ಕೆ ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ ಮಗನೇ. ನಿನ್ನನ್ನು ಅಳು ಅಂತ ಯಾರು ಕೇಳಿದರು?”

“ಮತ್ತೆ ಮೊದಲ ಸಾಲಿನಲ್ಲಿ ಯಾಕೆ ಕೂರಿಸುತ್ತಿದ್ದರು?”

“ದೂರದಿಂದ ಬಂದವನನ್ನು ಹಿಂದೆ ಕೂರಿಸುತ್ತಾರೆಯೇ? ಸುಮ್ಮನೆ ಕೂರುವುದಕ್ಕೆ ಬರದಿದ್ದರೆ ಮುಂದಿನ ವಾರದಿಂದ ಕುರ್ಚಿ ಹಾಕು.”

ಹಾಕಿದೆ. ಎರಡು ವರ್ಷದ ನನ್ನ ಸೇವೆಯಲ್ಲಿ ಯಾರೂ ತಪ್ಪು ಹುಡುಕದ ಕೆಲಸವೆಂದರೆ ಅದೊಂದೇ. ಶುಕ್ರವಾರ ಸಂಜೆ ಚರ್ಚಿನ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ತಂದು ಸಾಲು ಹಿಡಿಸುವುದು, ಭಾನುವಾರ ಒಯ್ದು ಜೋಡಿಸುವುದು. ಕುರ್ಚಿ ಹೊತ್ತ ಮೇಷ್ಟ್ರನ್ನು ಕಂಡ ಮೇಲೆ ಶಾಲೆಯ ಮಕ್ಕಳಿಗೂ ನನ್ನ ಮೇಲಿದ್ದ ಭಯ ಹೋಯಿತು. “ಸರ್, ನಿಧಾನ”, “ಸರ್, ಆ ಶಬ್ದ ಇನ್ನೊಮ್ಮೆ” ಎಂದು ಪಾಠದ ಮಧ್ಯೆ ತಡೆಯತೊಡಗಿದರು. ಅವರಲ್ಲಿ ಹಲವರು ಕೊನೆಗೆ ಪಾಸಾದರು. ಅದು ನನ್ನಿಂದಲೋ, ನನ್ನನ್ನೂ ಮೀರಿಯೋ ಎಂದು ಹೇಳುವುದು ಕಷ್ಟ.

ಎರಡನೆಯ ವರ್ಷದ ಮಧ್ಯೆ ನಮ್ಮ ಸಂಸ್ಥೆಯ ಜೀಪಿನ ಚಾಲಕ ಸುದ್ದಿ ತಂದ. ಅಪ್ಪ ಭದ್ರಾವತಿಯ ಬೂತಿನಿಂದ ಕುಮಾಸಿಯ ಕಚೇರಿಗೆ ಫೋನ್ ಮಾಡಿದ್ದರಂತೆ. ಅಜ್ಜಿ ಹೋಗಿಬಿಟ್ಟಿದ್ದಳು. ತಿಂಗಳಿಗೊಮ್ಮೆ ಬರುವ ಆ ಜೀಪು ನಾನಿದ್ದ ಊರು ಮುಟ್ಟುವ ಹೊತ್ತಿಗೆ ಭದ್ರಾವತಿಯಲ್ಲಿ ಕರ್ಮಾಂತರವೂ ಮುಗಿದಿತ್ತು. ಅಂಗಡಿಗೆ ಹೋಗಿ ಮಾಮೆಗೆ ಹೇಳಿದೆ. ಅವಳು ಅಳೆಯುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟಳು.

“ಕಾರ್ಯ ಯಾವತ್ತು?”

“ಎಲ್ಲ ಮುಗಿದುಹೋಯಿತು, ನಮ್ಮೂರಿನಲ್ಲಿ.”

“ಇಲ್ಲಿ ಮುಗಿದಿಲ್ಲವಲ್ಲ” ಎಂದು ಅಂಗಡಿಯ ಬಾಗಿಲು ಹಾಕಿದಳು.

ಆ ಶನಿವಾರ ಮಾಮೆಯ ಅಂಗಳದಲ್ಲಿ ಜನ ಸೇರಿದರು. ರೂಢಿಯಂತೆ ಕುರ್ಚಿ ಹಾಕಲು ಎದ್ದ ನನ್ನನ್ನು ಯಾರೋ ಹೆಗಲು ಹಿಡಿದು ಕೂರಿಸಿದರು. ಶಾಲೆಯ ಮುಖ್ಯೋಪಾಧ್ಯಾಯರು ಪಕ್ಕದಲ್ಲಿ ನಿಂತು, “ನಿಮ್ಮ ಅಜ್ಜಿ ಎಂಥವರು, ಹೇಳಿ. ನಾನು ಇವರಿಗೆ ಹೇಳುತ್ತೇನೆ” ಎಂದರು. ಏನು ಹೇಳಲಿ? ದೊಡ್ಡ ಮಾತುಗಳನ್ನು ಹುಡುಕಿದೆ, ಒಂದೂ ಅವಳಿಗೆ ಹೊಂದಲಿಲ್ಲ. ಕೊನೆಗೆ ಇದ್ದದ್ದನ್ನೇ ಹೇಳಿದೆ. ಬೆಳಿಗ್ಗೆ ಬೀದಿ ನಲ್ಲಿಯ ನೀರಿಗಾಗಿ ನಾವು ಪಾಟಿ ಎಂದು ಕರೆಯುವ ಪಕ್ಕದ ಮನೆಯ ತಮಿಳು ಅಜ್ಜಿಯ ಜೊತೆ ಜಗಳವಾಡುತ್ತಿದ್ದಳು, ಇವಳು ಕನ್ನಡದಲ್ಲಿ, ಅವಳು ತಮಿಳಿನಲ್ಲಿ. ಮಧ್ಯಾಹ್ನ ಇಬ್ಬರೂ ತಲೆ ಬಾಚಿಕೊಂಡು, ಎಲೆ ಅಡಿಕೆ ಕಟ್ಟಿಕೊಂಡು ಒಟ್ಟಿಗೆ ಮ್ಯಾಟಿನಿಗೆ ಹೋಗುತ್ತಿದ್ದರು.

ಮುಖ್ಯೋಪಾಧ್ಯಾಯರು ಹೇಳಿ ಮುಗಿಸುವ ಮೊದಲೇ ಹೆಂಗಸರ ಕಡೆಯಿಂದ ನಗು ಎದ್ದಿತು. ಒಬ್ಬಳು ಇನ್ನೊಬ್ಬಳನ್ನು ಬೆರಳು ಮಾಡಿ ತೋರಿಸಿದಳು. ಅವರಿಬ್ಬರೂ ಅಂಥವರೇ ಇರಬೇಕು. ಆಮೇಲೆ ಮಾಮೆ ಎದ್ದು ಹಾಡಿದಳು. ಅವರ ಶೋಕದ ಹಾಡಿನಲ್ಲಿ ಸತ್ತವರ ಊರನ್ನು ಕರೆಯುತ್ತಾರೆ. ಬದ್ರಾಬತಿ, ಬದ್ರಾಬತಿ ಎಂದು ಅವಳ ದಪ್ಪ ದನಿಯಲ್ಲಿ ನಮ್ಮೂರು ಮತ್ತೆ ಮತ್ತೆ ಬಂತು. ಅಂಗಳದ ತುಂಬ ಜನ ಕಣ್ಣೊರೆಸಿಕೊಂಡರು. ಸುತ್ತಲ ಊರುಗಳಿಗೆಲ್ಲ ಅಳುವ ಮೇಷ್ಟ್ರೆಂದು ಹೆಸರಾದ ನನಗೆ ಮಾತ್ರ ಒಂದು ಹನಿ ಬರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದೆ. ಮಾಮೆ ಹಾಡು ಮುಗಿಸಿ ಪಕ್ಕದಲ್ಲಿ ಕೂತು, “ಬಿಡು. ಇವತ್ತು ಅದು ನಮ್ಮ ಕೆಲಸ” ಎಂದಳು.

ಅವಧಿ ಮುಗಿದು ಊರಿಗೆ ಬಂದಾಗ ಕ್ವಾರ್ಟರ್ಸಿನ ಜನವೆಲ್ಲ ನೋಡಲು ಬಂದರು. ಡಾಲರು ತಂದಿಲ್ಲವೆಂದು ತಿಳಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಸಿಂಹ ನೋಡಿದೆಯಾ? ನಾನು ಬದುಕಿನಲ್ಲಿ ಸಿಂಹ ನೋಡಿದ್ದು ಒಮ್ಮೆ ಮಾತ್ರ, ಶಿವಮೊಗ್ಗದ ಹತ್ತಿರದ ತ್ಯಾವರೆಕೊಪ್ಪದ ಸಿಂಹಧಾಮದಲ್ಲಿ, ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ. ಹಾಗೆಂದ ಮೇಲೆ ಬರುವವರೂ ಕಡಿಮೆಯಾದರು.

ಜನ ಕರಗಿದ ಮೇಲೆ ಒಂದು ಬೆಳಿಗ್ಗೆ ಅಮ್ಮನಿಗೆ ಅಜ್ಜಿಯ ಶನಿವಾರದ ಕತೆ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು.

“ಊಟಕ್ಕೆ ಏನು ಮಾಡಿದ್ರು?”

“ಅನ್ನ, ಮೀನಿನ ಸಾರು.”

“ಅತ್ತೆ ಮೀನು ಮುಟ್ತಿರ್ಲಿಲ್ಲ.” ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದಳು. “ಹೋಗ್ಲಿ, ಬಂದೋರು ಉಂಡ್ರಲ್ಲ.”

ಆಮೇಲೆ ಎದ್ದು ಕಾಂಪೌಂಡಿನ ಹತ್ತಿರ ಹೋಗಿ ಪಕ್ಕದ ಮನೆಯ ಪಾಟಿಯನ್ನು ಕೂಗಿದಳು. “ನಮ್ಮತ್ತೆ ಕಾರ್ಯ ಆಫ್ರಿಕಾದಲ್ಲೂ ಮಾಡಿದ್ರಂತೆ ಕಣ್ರೀ, ಊರೋರೆಲ್ಲ ಸೇರಿ.” ಪಾಟಿ ನಿಧಾನವಾಗಿ ಬಂದು ನಮ್ಮ ಜಗಲಿಯ ಮೇಲೆ ಕೂತಳು. ನಾನು ಮೊದಲಿನಿಂದ ಮತ್ತೆ ಹೇಳಿದೆ.

“ನನ್ನ ವಿಷಯ ಏನಾದ್ರೂ ಹೇಳಿದ್ಯಾ ಕಣ್ಣಾ?”

“ಹೇಳಿದೆ ಪಾಟಿ. ನಲ್ಲಿ ಜಗಳಾನೂ ಹೇಳಿದೆ, ಸಿನಿಮಾನೂ ಹೇಳಿದೆ.”

“ನಲ್ಲೀಲಿ ಮೊದ್ಲು ಕೊಡ ಇಟ್ಟಿದ್ದು ನಾನು. ಅದು ಹೇಳಿದ್ಯಾ?”

ಹೇಳಿರಲಿಲ್ಲ. ಪಾಟಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅಮ್ಮ ಅವಳ ಪಕ್ಕ ಕೂತಳು. ನಾನು ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.